ಭೀಮ ಎಂಬ ಗೌಜಲು

ಆವತ್ತು ಬೆಳಿಗ್ಗೆ ಭೀಮ ಗೂಡಿನ ಬಾಗಿಲಲ್ಲಿ ಸಿಕ್ಕಿಕೊಳ್ಳದೆ ಇದ್ದಿದ್ದರೆ ಚಲುವರಾಜು ಎಂದಿನಂತೆ ಕಾಫಿ ಕುಡಿದು, ಪೇಪರ್ ಮಡಿಸಿಟ್ಟು, ಸುಖವಾಗಿ ರಜೆ ಕಳೆಯುತ್ತಿದ್ದ. ಆದರೆ ಭೀಮ ಸಿಕ್ಕಿಕೊಂಡ. ತಲೆ ಹೊರಗೆ, ಹೊಟ್ಟೆ ಒಳಗೆ. ಹಿಂದಿದ್ದ ಹಕ್ಕಿಗಳೆಲ್ಲ ಕಾಳಿಗಾಗಿ ರಂಪ ಎಬ್ಬಿಸಿದವು. ಹೆಂಡತಿ ಚಂದನ ತಲೆಗೆಂದು ತಂದಿಟ್ಟಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ಪೂರ್ತಿ ಸುರಿದು ಎಳೆದ ಮೇಲೆಯೇ ಅವನು ಈಚೆ ಬಂದದ್ದು.

ಭೀಮ ಎಂದರೆ ಗೌಜಲು ಹಕ್ಕಿ. ಸಾಕುವ ಜಾತಿಯದು. ಲೋಕದ ಗೌಜಲುಗಳೆಲ್ಲ ಮುಷ್ಟಿಯೊಳಗೆ ಹಿಡಿಸಿದರೆ ಭೀಮನನ್ನು ಎರಡು ಕೈಯಲ್ಲಿ ತಬ್ಬಿ ಎತ್ತಬೇಕು. ಮಳವಳ್ಳಿ ಹತ್ತಿರದ ಬ್ಲಫಿನ ಪವರ್ ಹೌಸಿನಲ್ಲಿ ಕೆಲಸ ಮಾಡುವ ಚಲುವರಾಜು ವರ್ಷಗಳಿಂದ ಹಿಡಿದ ಹಟದ ಫಲ ಅದು. ಪ್ರತಿ ತಲೆಮಾರಿನಲ್ಲೂ ಎಲ್ಲಕ್ಕಿಂತ ದಪ್ಪನೆಯ ಗಂಡು, ದಪ್ಪನೆಯ ಹೆಣ್ಣು ಆರಿಸಿ ಜೋಡಿ ಮಾಡುವುದು. ದೊಡ್ಡ ಮೊಟ್ಟೆಗಳನ್ನೇ ಮರಿ ಮಾಡಿಸುವುದು. ಉಳಿದದ್ದನ್ನು ಅಡುಗೆಮನೆಗೆ ಕಳಿಸುವುದು. ದಪ್ಪನೆಯವಕ್ಕೆ ಸಂಸಾರ, ಸಣ್ಣವಕ್ಕೆ ಸಾರು. ಹೀಗೆ ಹಕ್ಕಿಗಳ ಜೊತೆ ಗೂಡುಗಳೂ ದೊಡ್ಡದಾಗುತ್ತ ಕ್ವಾರ್ಟರ್ಸಿನ ಬಚ್ಚಲುಮನೆ ಪೂರ್ತಿ ಅವುಗಳ ಪಾಲಾಗಿತ್ತು. ಗಂಡ ಹೆಂಡತಿ ಹಿತ್ತಲಲ್ಲಿ ಹಳೇ ಸೀರೆ ಮರೆ ಕಟ್ಟಿಕೊಂಡು ಸ್ನಾನ ಮಾಡುತ್ತಿದ್ದರು.

ಖಾಲಿಯಾದ ಎಣ್ಣೆ ಬಾಟಲಿ ನೋಡಿ ಚಂದನಳ ಸಹನೆಯೂ ಖಾಲಿಯಾಯಿತು.

"ರೀ, ಇವತ್ತು ಯಾರನ್ನಾದ್ರೂ ಗಿರಾಕಿ ಗೊತ್ತುಮಾಡ್ಕಂಡು ಬಂದ್ರೋ ಸರಿ. ಇಲ್ದಿದ್ರೆ ಸಂಜೆಗೆ ಒಂದು ಗೂಡೂ ಇರಾಕಿಲ್ಲ. ಮೊದ್ಲು ಒಲೆ ಮೇಲಕ್ಕೆ ಓಗೋದು ಈ ಎಣ್ಣೆ ಕುಡ್ದಿರೋ ಭೀಮ್ನೇ!"

ಚಲುವರಾಜು ಭೀಮನನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ವ್ಯಾಪಾರ ಬೇಕಿರಲಿಲ್ಲ. ಗುರುತಿಲ್ಲದ ಒಬ್ಬನೇ ಒಬ್ಬ ಮನುಷ್ಯ ಭೀಮನನ್ನು ನೋಡಿ, 'ಅಬ್ಬಾ, ಎಂಥಾ ಗೌಜಲು!' ಎಂದು ಬಾಯಿ ತೆರೆದರೆ ಸಾಕಿತ್ತು. ಗುರುತಿದ್ದವರು ಹಾಗೆ ಅನ್ನುವ ಆಸೆ ಎಂದೋ ಹೋಗಿತ್ತು. ಪಕ್ಕದ ಮನೆಯ ರಾಜೇಂದ್ರ, ಅವನ ಜೊತೆಯ ನೌಕರ, ದಿನಾ ಕಾಂಪೌಂಡಿನ ಮೇಲಿಂದ ಬಗ್ಗಿ, "ಇನ್ನೊಸಿ ದಪ್ಪ ಮಾಡ್ಲಾ, ನೀರಿಲ್ದಾಗ ಟರ್ಬೈನ್ ತಿರುಗ್ಸಾಕೆ ಬತ್ತದೆ" ಎನ್ನುತ್ತಿದ್ದ.

ಮಳವಳ್ಳಿಯಲ್ಲಿ ಕೆಂಪರಾಜುವಿನ ಮಿಲ್ಟ್ರಿ ಹೋಟೆಲು ಗೌಜಲು ಫ್ರೈಗೇ ಹೆಸರಾದದ್ದು. ಫೋನು ಮಾಡಿದರೆ ಕೆಂಪರಾಜು, "ಒಂದಷ್ಟು ಕ್ಲೀನ್ ಮಾಡ್ಕಂಡು ತತ್ತಾ. ಗಿರಾಕಿಗಳ್ಗೆ ಬಡ್ಸಿ ನೋಡನ. ಇಡುಸ್ತು ಅಂದ್ರೆ ವಾರ ವಾರಾನೂ ತಗತೀನಿ" ಎಂದ. ಚಲುವರಾಜು ಕ್ಲೀನ್ ಮಾಡಿದ ಹಕ್ಕಿಗಳನ್ನು ಡಬ್ಬಿಗೆ ಹಾಕಿ, ತೋರಿಸಲೆಂದು ಭೀಮನನ್ನು ಬುಟ್ಟಿಯಲ್ಲಿ ಕೂರಿಸಿ ಬೈಕ್ ಹತ್ತಿದ. ಕಿಕ್ ಹೊಡೆಯುವಷ್ಟರಲ್ಲಿ ಹಿಂದಿನ ಸೀಟು ಕುಸಿಯಿತು. ರಾಜೇಂದ್ರ ಹತ್ತಿ ಕೂತಿದ್ದ.

"ಯಾಪಾರ ಅಂದ್ರೆ ಮಾತಾಡೋರು ಬೇಕು ಕಣ್ಲಾ. ನೀನು ಸುಮ್ಕೆ ನಿಂತ್ಕೊ, ನಾನು ನೋಡ್ಕತೀನಿ."

ಮಧ್ಯಾಹ್ನದ ಊಟದ ಹೊತ್ತು. ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಹಕ್ಕಿ ಮಸಾಲೆ ಮೆತ್ತಿಕೊಂಡು, ಎಣ್ಣೆಯಲ್ಲಿ ಮಿಂದು, ಟ್ರ್ಯಾಕ್ಟರ್ ಗ್ಯಾರೇಜಿನ ಶಿವರಾಮುವಿನ ಎಲೆಗೆ ಬಂತು. ಅವನು ಮುದ್ದೆ ಮುರಿಯುವುದನ್ನೂ ಮರೆತು ಅದರ ತೊಡೆ ಹಿಡಿದು ಬೆಳಕಿಗೆ ಎತ್ತಿದ.

"ಲೋ ಕೆಂಪರಾಜ, ಏನ್ಲಾ ಇದು?"

"ಗೌಜಲು ಕಣಣ್ಣ."

"ಯಾರ್ಗೆ ಯೋಳ್ತೀಯಾ? ಉಟ್ದಾಗ್ನಿಂದ ತಿಂತಾ ಇವ್ನಿ. ಕೋಳಿ ಮರಿ ಉರ್ದಾಕಿ ಗೌಜಲು ಅಂತ ಟೋಪಿ ಆಕ್ತಿದ್ದೀಯಾ?"

ಊಟ ಮಾಡುತ್ತಿದ್ದವರ ಕತ್ತೆಲ್ಲ ತಿರುಗಿತು. ಗೂಟದಂತೆ ನಿಂತಿದ್ದ ಚಲುವರಾಜುವಿಗೆ ಮೈಯೆಲ್ಲ ಉರಿಯಿತು. ತಲೆಮಾರುಗಟ್ಟಲೆ ಕಷ್ಟಪಟ್ಟು ಬೆಳೆಸಿದ ಹಕ್ಕಿಯನ್ನು ಕೋಳಿ ಅನ್ನುವುದೇ! ಬುಟ್ಟಿ ತೆರೆದು ಭೀಮನನ್ನು ಎತ್ತಿ ಹಿಡಿದ.

"ನೋಡ್ಕಳಿ ಸ್ವಾಮಿ! ನಾನೇ ಸಾಕಿರೋದು. ಗೌಜಲಲ್ದೆ ಇನ್ನೇನು ಇದು?"

"ಜುಟ್ಟು ಎಲ್ಲದೆ ನೋಡಿ, ಬಾಲ ಎಲ್ಲದೆ ನೋಡಿ," ಎಂದು ರಾಜೇಂದ್ರ ಮುನ್ನುಗ್ಗಿದ. "ಕೋಳಿ ಆಗಿದ್ರೆ ಇರ್ಬೇಕಿತ್ತಲ್ವಾ? ಇದ್ರೂ ಒಂದ್ಸಲ ಕಿತ್ತಾಕ್ಬುಟ್ರೆ ಯಾರ್ಗೂ ಗೊತ್ತಾಗಾಕಿಲ್ಲ, ಅದು ಬ್ಯಾರೆ ಮಾತು."

"ನೋಡ್ದ್ರಾ, ಅವ್ನೇ ಒಪ್ಕಂಡ! ಕಿತ್ತಾಕವ್ರೆ!" ಎಂದು ಶಿವರಾಮು ಎದ್ದು ನಿಂತ. ಚಲುವರಾಜುವಿಗೆ ರಾಜೇಂದ್ರನ ಬಾಯಿಗೆ ಒಂದು ಇಡೀ ಮುದ್ದೆ ತುರುಕಬೇಕೆನಿಸಿತು.

ಮೂಲೆಯಲ್ಲಿ ಮೂಳೆ ಚೀಪುತ್ತಿದ್ದ ಜವರಯ್ಯ ಎಂಬ ಮುದುಕ ಕೈಯೆತ್ತಿದ. ಚಿಕ್ಕಂದಿನಲ್ಲಿ ರಾಗಿ ಹೊಲದಲ್ಲಿ ಬಲೆ ಹಾಕಿ ಗೌಜಲು ಹಿಡಿದವನೆಂದು ಅವನಿಗೆ ಊರಲ್ಲಿ ಮರ್ಯಾದೆ.

"ಬಡ್ಕಬ್ಯಾಡ್ರುಲಾ. ಅದ್ನ ಕೂಗ್ಸಿ. ಕೋಳಿ ಕೋಳಿ ಅಂಗೇ ಕೂಗ್ತದೆ, ಗೌಜಲು ಗೌಜಲಂಗೇ ಕೂಗ್ತದೆ. ಕೇಳ್ದೇಟ್ಗೆ ನಾನು ಯೋಳ್ತೀನಿ."

ಭೀಮನನ್ನು ಮೇಜಿನ ಮೇಲೆ ನಿಲ್ಲಿಸಿದರು. ಮನೆಯಲ್ಲಿ ನಸುಕಿಗೆ ಮೊದಲೇ ಕೂಗಿ ಇಡೀ ಕ್ವಾರ್ಟರ್ಸಿನ ಶಾಪ ತಿನ್ನುತ್ತಿದ್ದವನು ಈಗ ತುಟಿಪಿಟಕ್ಕೆನ್ನಲಿಲ್ಲ. ಜವರಯ್ಯ ಬಾಯಿಗೆ ಕೈ ಅಡ್ಡ ಹಿಡಿದು, "ಕ್ವಿಕ್, ಕ್ವಿರ್ರ್ರ್" ಎಂದು ಕೂಗಿ ತೋರಿಸಿದ. ರಾಜೇಂದ್ರ ಅದಕ್ಕಿಂತ ಜೋರಾಗಿ ಕೂಗಿದ. ಆಮೇಲೆ ಅಡುಗೆಯವನು, ಬಡಿಸುವವನು, ಕೈ ತೊಳೆಯಲು ಎದ್ದವರು, ಎಲ್ಲರೂ ಶುರುಮಾಡಿದರು. ದಾರಿಯಲ್ಲಿ ಹೋಗುತ್ತಿದ್ದವರು ಏನೋ ಅನಾಹುತವಾಯಿತೆಂದು ಒಳಗೆ ಓಡಿಬಂದು, ವಿಷಯ ತಿಳಿದು, ತಾವೂ ಒಂದೊಂದು ಸಲ ಕೂಗಿದರು. ಭೀಮ ಮಾತ್ರ ಕಣ್ಣು ಮುಚ್ಚಿದ.

ಚಲುವರಾಜು ಕೊನೆಗೆ ಹೆಂಡತಿಗೆ ಫೋನು ಮಾಡಿ ಸ್ಪೀಕರ್ ಹಾಕಿದ. "ಚಂದನಾ, ಫೋನ್ನ ಒಸಿ ಹೆಣ್ಣಕ್ಕಿಗಳ ಗೂಡಿಗೆ ಹಿಡಿ, ಬೇಗ! ಅವುಗಳ ದನಿ ಕೇಳಿದ್ರೆ ಭೀಮ ಕೂಗ್ತಾನೆ."

"ಮೊದ್ಲು ನನ್ನ ದನಿ ಕೇಳಿ!" ಎಂದು ಅತ್ತಲಿಂದ ಬಂತು. "ಗಿರಾಕಿ ಸಿಕ್ಕುದ್ರಾ ಇಲ್ವಾ?"

ಆ ದನಿಗೆ ಭೀಮನ ಕಣ್ಣು ತಟ್ಟನೆ ತೆರೆಯಿತು. ಎಣ್ಣೆಯ ನೆನಪಾಯಿತೋ ಏನೋ, ನಿಂತ ನಿಲುವಿನಲ್ಲೇ ಸೂರಿನವರೆಗೆ ಚಿಮ್ಮಿ, ಫ್ಯಾನಿನಿಂದ ಕೂದಲೆಳೆಯಲ್ಲಿ ಪಾರಾಗಿ, ಧೊಪ್ಪನೆ ಬಂದು ಶಿವರಾಮುವಿನ ಎಲೆಯ ಮೇಲೆ ಬಿದ್ದ. ಎದುರಿಗೆ, ಕಂದು ಬಣ್ಣದ, ದುಂಡನೆಯ, ತನ್ನಷ್ಟೇ ದಪ್ಪನೆಯ ರಾಗಿಮುದ್ದೆ.

ಭೀಮ ಅದನ್ನು ಒಂದು ಸುತ್ತು ಹಾಕಿದ. ಕತ್ತು ಉದ್ದ ಮಾಡಿದ. ಹುಟ್ಟಿದಾಗಿನಿಂದ ದಪ್ಪನೆಯ ಹೆಣ್ಣುಗಳನ್ನೇ ಕಂಡವನಿಗೆ ಇಷ್ಟು ಲಕ್ಷಣವಾದದ್ದು ಎಂದೂ ಸಿಕ್ಕಿರಲಿಲ್ಲ. ಎದೆಯುಬ್ಬಿಸಿ ಮುದ್ದೆಯ ಮೇಲೆ ಹತ್ತಿ ನಿಂತು, ಹೋಟೆಲು ಮೊಳಗುವಂತೆ ಕೂಗಿದ. "ಕ್ವಿಕ್, ಕ್ವಿಕ್, ಕ್ವಿರ್ರ್ರ್ರ್!"

ಜವರಯ್ಯ ಮೂಳೆ ಕೆಳಗಿಟ್ಟು ಎದ್ದುನಿಂತ. "ಗೌಜಲೇ ಕಣ್ರುಲಾ! ನಮ್ಮಪ್ಪನಾಣೆಗೂ ಗೌಜಲೇ! ಅಬ್ಬಾ, ಎಂಥಾ ಗೌಜಲು!"

ಅಂದುಬಿಟ್ಟ! ಗುರುತು ಪರಿಚಯ ಏನೂ ಇಲ್ಲದ ಮನುಷ್ಯ, ಅದೇ ಮಾತು ಅಂದುಬಿಟ್ಟ! ಜನ ಶಿಳ್ಳೆ ಹೊಡೆದರು. ಚಲುವರಾಜುವಿನ ಕಣ್ಣಲ್ಲಿ ನೀರು ತುಂಬಿ ಎದುರಿಗಿದ್ದವರೆಲ್ಲ ಮಂಜಾದರು. ಇಷ್ಟು ಸಂತೋಷ ಅವನಿಗೆ ಕೆಲಸ ಸಿಕ್ಕಿದ ದಿನವೂ ಆಗಿರಲಿಲ್ಲ.

ಆದರೆ ಶಿವರಾಮು ಶಿಳ್ಳೆ ಹೊಡೆಯಲಿಲ್ಲ. ಅವನು ಯೋಚಿಸುತ್ತಿದ್ದ.

"ತಡೀರಿ, ತಡೀರಿ. ಗೌಜಲು ಅಂದ್ರೆ ಇಷ್ಟು ದಪ್ಪ ಇರ್ತದಾ?" ನಿಧಾನವಾಗಿ ಕೆಂಪರಾಜುವಿನ ಕಡೆ ತಿರುಗಿದ. "ಅಂಗಾರೆ ಇಷ್ಟು ವರ್ಸ ನಮ್ಗೆ ಅಂಗೈಯಗಲದ್ದು ತಿನ್ನುಸ್ತಿದ್ದಲ್ಲ, ಅದೇನ್ಲಾ? ಮರೀನಾ? ಮರಿ ಕೊಟ್ಟು ದೊಡ್ಡದ್ರ ದುಡ್ಡು ಇಸ್ಕತಿದ್ಯಾ?"

ಹೋಟೆಲು ಒಮ್ಮೆಗೇ ಸ್ಫೋಟಿಸಿತು. ಎಲ್ಲರಿಗೂ ತಾವು ಜೀವಮಾನದಲ್ಲಿ ತಿಂದ ಒಂದೊಂದು ಗೌಜಲೂ ನೆನಪಿಗೆ ಬಂತು. ಲೋಟಗಳು ಉರುಳಿದವು, ಕುರ್ಚಿಗಳು ಮಗುಚಿದವು. ಕೆಂಪರಾಜು ಚಲುವರಾಜುವಿನ ಶರ್ಟು ಹಿಡಿದು ಅಡುಗೆಮನೆಗೆ ಎಳೆದೊಯ್ದ.

"ಅಪ್ಪಾ, ನಿನ್ನ ಕಾಲ್ಗೆ ಬೀಳ್ತೀನಿ. ಅದು ಕೋಳಿ ಅಂದ್ಬುಡು."

"ಸಾಧ್ಯವೇ ಇಲ್ಲ! ಈಗ ತಾನೇ ಗೌಜಲು ಅಂತ ಸಾಬೀತಾಗದೆ!"

"ಕೋಳಿ ಅಂದ್ರೆ ವಾರ ವಾರಾನೂ ನಿನ್ನತ್ರಾನೇ ಮಾಲು ತಗತೀನಿ. ಅನ್ನದಿದ್ರೆ ಇವತ್ತೇ ನನ್ನ ಓಟ್ಲು ಮುಚ್ತಾರೆ. ಮುಚ್ಚೋಕೆ ಮುಂಚೆ ನಿನ್ನ ಭೀಮ್ನೂ ಬಾಣಲಿಗೇ ಬೀಳ್ತಾನೆ, ನೋಡ್ಕೊ."

ಹೊರಗೆ ಭೀಮ ಇನ್ನೂ ಮುದ್ದೆಯ ಮೇಲೆ ಕೂಗುತ್ತಿದ್ದ. ಬಚ್ಚಲುಮನೆಯ ಗೂಡುಗಳು, ಸಂಜೆಯ ಒಲೆ, ಸೊಂಟಕ್ಕೆ ಕೈಯಿಟ್ಟು ನಿಂತ ಚಂದನ, ಎಲ್ಲ ಚಲುವರಾಜುವಿನ ಕಣ್ಣ ಮುಂದೆ ಬಂತು. ಹೊರಗೆ ಬಂದು, ಗಂಟಲು ಸರಿಮಾಡಿಕೊಂಡು, ಮಗನನ್ನೇ ಮಗನಲ್ಲ ಅನ್ನುವವನ ಸಂಕಟದಲ್ಲಿ ಹೇಳಿದ.

"ತಪ್ಪಾಯ್ತು ಕಣ್ರಪ್ಪಾ. ಕೋಳೀನೇ. ಕೆಂಪರಾಜಣ್ಣಂಗೆ ಗೌಜಲು ಅಂತ ನಾನೇ ಸುಳ್ಳು ಹೇಳಿದ್ದೆ."

"ಮತ್ತೆ ಗೌಜಲಂಗೆ ಕೂಗ್ತಲ್ಲಾ?" ಎಂದ ಶಿವರಾಮು.

"ಅದು ನಾನು ಕೂಗಿದ್ದು!" ಎಂದು ರಾಜೇಂದ್ರ ಕೇಳದೆಯೇ ಎದೆ ತಟ್ಟಿಕೊಂಡು, ಮತ್ತೊಮ್ಮೆ ಕೂಗಿಯೂ ತೋರಿಸಿದ. ಜವರಯ್ಯ ತಲೆದೂಗಿ, "ನಿಜ ಕಣ್ಲಾ, ಇವ್ನೇ ಅದಕ್ಕಿಂತ ಚೆಂದಾಗಿ ಕೂಗ್ತಾನೆ" ಎಂದು ಮತ್ತೆ ಮೂಳೆ ಎತ್ತಿಕೊಂಡ.

ಜನ ತಣ್ಣಗಾದರು. ಕುರ್ಚಿಗಳು ನೆಟ್ಟಗಾದವು. ಶಿವರಾಮುವಿಗೆ ಹೊಸ ಎಲೆ, ಹೊಸ ಮುದ್ದೆ ಬಂತು. ಅವನು ಈಗ ಕೋಪವೆಲ್ಲ ಇಳಿದು ಭೀಮನನ್ನು ಎತ್ತಿ ತೂಗಿ ನೋಡಿದ.

"ಇದು ಇನ್ನೂ ಮರೀನೇನಪ್ಪ?"

"ಇಲ್ಲ," ಎಂದ ಚಲುವರಾಜು. "ಪೂರಾ ಬೆಳೆದದೆ."

"ಪೂರಾ ಬೆಳೆದ ಉಂಜಾನಾ ಇದು!" ಶಿವರಾಮು ಹೌಹಾರಿದ. ಭೀಮ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತ ಇಡೀ ಹೋಟೆಲು ಸುತ್ತಿದ. ಎಲ್ಲರೂ ಹಿಂಡಿ ನೋಡಿದರು, ಎಲ್ಲರೂ ಪಾಪ ಎಂದರು. ಅಯ್ಯೋ, ಏನು ರೋಗವೋ. ಪಾರಿವಾಳಕ್ಕೂ ಇದಕ್ಕಿಂತ ಮೈಯಿರುತ್ತದೆ. ಇಂಥದ್ದನ್ನು ಯಾರು ತಿನ್ನುತ್ತಾರೆ?

ಗಿರಾಕಿಗಳ ಮಾತು ಕೇಳಿಸಿಕೊಂಡ ಕೆಂಪರಾಜು ಉಳಿದ ಹಕ್ಕಿಗಳ ಡಬ್ಬಿಯನ್ನು ಮೆಲ್ಲಗೆ ಚಲುವರಾಜುವಿನ ಕೈಗೆ ವಾಪಸ್ಸಿಟ್ಟು, ಹೆಗಲ ಮೇಲೆ ಕೈ ಹಾಕಿ, ಬಾಗಿಲವರೆಗೂ ಕರೆತಂದ.

"ಬೇಜಾರು ಮಾಡ್ಕಬ್ಯಾಡ ಕಣಪ್ಪ. ಇಷ್ಟು ಪೀಚು ಕೋಳಿ ನಮ್ಮ ಓಟ್ಲಲ್ಲಿ ಓಡಾಕಿಲ್ಲ. ಇನ್ನೊಂದೆಲ್ಡು ತಲೆಮಾರು ಒಳ್ಳೆ ಗಂಡು ಎಣ್ಣು ಆರ್ಸಿ ಮರಿ ಮಾಡ್ಸಿ, ಒಸಿ ದಪ್ಪ ಮಾಡ್ಕಂಡು ತತ್ತಾ."