ರೂಪಾಯಿ ಕಾಯುವ ನಮ್ಮತ್ತೆ

ನಮ್ಮ ದೇಶದ ರೂಪಾಯಿ ಇನ್ನೂ ಪೂರ್ತಿ ನೆಲ ಕಚ್ಚಿಲ್ಲವೆಂದರೆ ಅದಕ್ಕೆ ದಿಲ್ಲಿಯ ದೊಡ್ಡವರೇ ಕಾರಣ ಎಂದುಕೊಂಡಿದ್ದೀರಾ? ಸುಳ್ಳು! ಕಾರಣ, ಶಹಾಪುರದಲ್ಲಿರುವ ನನ್ನ ಸೋದರತ್ತೆ!

ಬೆಳಿಗ್ಗೆ ಎದ್ದವಳೇ ಟೀವಿ ಹಚ್ಚಿ ಡಾಲರ್ ದರ ನೋಡುತ್ತಾಳೆ. ಒಮ್ಮೆ ಹೀಗೇ ತಲೆಯ ಮೇಲೆ ಕೈಹೊತ್ತು ಕೂತು, "ಇವತ್ತೂ ಇಳದದವ್ವಾ" ಎಂದು ನರಳಿದಳು. ಬಾಡಿಗೆಗೆ ಹೊಸದಾಗಿ ಬಂದಿದ್ದ ಹೆಣ್ಣುಮಗಳು ಓಡಿಬಂದು, "ಜ್ವರ ಇಳದರ ಚಲೋನೇ ಅಲ್ರಿ ಅವ್ವಾರ? ಯಾಕ ಅಳಾಕತ್ತೀರಿ?" ಎಂದಳಂತೆ!

ಅತ್ತೆಯ ಲೆಕ್ಕ ಬಹಳ ಸರಳ. "ಕೆಂಭಾವಿ ಸಂತ್ಯಾಗ ಎಲ್ಲಾರೂ ಬದನಿಕಾಯಿಗೇ ಮುಗಿಬಿದ್ರ ಅದರ ರೇಟು ಏರಲ್ಲೇನು? ಡಾಲರೂ ಹಂಗ. ಹೊರಗಿನ ಮಾಲು ತರಾಕ ಎಲ್ಲಾರೂ ಅದನ್ನೇ ಬೇಡತಾರ. ಅದು ಏರತದ, ನಮ್ಮದು ಇಳೀತದ."

ತಿಳಿದುಕೊಂಡು ಸುಮ್ಮನಿರುವ ಜೀವವೇ ಅದು? ಮರುದಿನವೇ ಹಡಗಿನಲ್ಲಿ ಬರುವ ಪಾಮ್ ಎಣ್ಣೆ ಮನೆಯಿಂದ ಗಡಿಪಾರಾಯಿತು, ಕುಸುಬಿ ಎಣ್ಣೆ ಒಳಗೆ ಬಂತು. ಆಮೇಲೆ ಪೆಟ್ರೋಲಿನ ಸರದಿ. ಸುರಪುರದ ಇಳಿಜಾರಿನಲ್ಲಿ ಮಾವನ ಬೆನ್ನಿಗೆ ಗುದ್ದಿ, "ಗಾಡಿ ಬಂದ್ ಮಾಡ್ರಿ, ತಾನಾಗೇ ಉರುಳತದ" ಎಂದಳು. ಉರುಳಿತು. ಕೆಳಗೆ ಬಂದು ನಿಂತದ್ದು ಮತ್ತೆ ಶುರುವಾಗಲೇ ಇಲ್ಲ! ಗಾಡಿ ತಳ್ಳಿಕೊಂಡು ಬಂದ ಆ ದಿನ ರೂಪಾಯಿ ಏರಿತೋ ಇಲ್ಲವೋ, ಮಾವನ ಬಿ.ಪಿ. ಮಾತ್ರ ಏರಿತು.

ಹತ್ತಿ ತುಂಬಿದ ಲಾರಿ ಕಂಡರಂತೂ ನಿಂತಲ್ಲೇ ಕೈಮುಗಿಯುತ್ತಾಳೆ. ಹತ್ತಿ ಹೊರಗೆ ಹೋದರೆ ಡಾಲರ್ ಒಳಗೆ ಬರುತ್ತದಲ್ಲ! ಒಬ್ಬ ಡ್ರೈವರ್ ಪಾಪ, ಲಾರಿ ನಿಲ್ಲಿಸಿ ಕೇಳಿದ: "ಎಲ್ಲಿಗಿ ಬರ್ತೀರಿ, ಅವ್ವಾರ?"

"ನಾ ಬರಂಗಿಲ್ಲಪ್ಪಾ. ನೀ ಹೊರದೇಶಕ್ಕ ಲಗೂನ ಹೋಗು!"

"ನಂದು ಇಲ್ಲೇ ಜಿನ್ನಿಂಗ್ ಮಿಲ್ ತನಕ ಅಷ್ಟೇ ರೀ!"

ನಗುತ್ತಲೇ ಇದ್ದೆವು, ಹೋದ ವರ್ಷದವರೆಗೆ. ಎರಡು ತುಂಬಿದ್ದ ನನ್ನ ಮಗಳು ಎಷ್ಟು ಕರೆದರೂ ತಿರುಗುತ್ತಿರಲಿಲ್ಲ. ಕಲಬುರಗಿಯ ಡಾಕ್ಟರು ಪರೀಕ್ಷಿಸಿ, ಕಿವಿಗೆ ಯಂತ್ರ ಹಾಕಬೇಕು, ಈಕೆಗೆ ಹೊಂದುವಂಥದ್ದು ಹೊರದೇಶದಿಂದಲೇ ಬರಬೇಕು ಎಂದರು. ಡಾಲರ್ ಏರಿದ್ದರಿಂದ ಅದರ ಬೆಲೆಯೂ ಏರಿತ್ತು. ಅಳುಕುತ್ತಲೇ ಅತ್ತೆಗೆ ಹೇಳಿದೆ.

ಆಕೆ ಕೂಸನ್ನು ತೊಡೆಯ ಮೇಲೆ ಎಳೆದುಕೊಂಡಳು. "ಅದು ಹಾಕಿದ್ರ ಕೇಳಸ್ತದಂತೇನು?"

"ಕೇಳಸ್ತದಂತ, ಅತ್ತಿ."

"ಮತ್ತ ಇಲ್ಲ್ಯಾಕ ಕುಂತೀದಿ? ಹೋಗಿ ತಗೊಂಡು ಬಾ. ರೂಪಾಯಿ ಬಿದ್ರ ಬೀಳಲಿ! ಕಮ್ಮಿ ಬಿದ್ದಷ್ಟು ನಾ ಕೊಡತೀನಿ."

ಯಂತ್ರ ಹಾಕಿದ ದಿನ ಅತ್ತೆಯೂ ಕಲಬುರಗಿಗೆ ಬಂದಿದ್ದಳು. ಮಗಳ ಬೆನ್ನ ಹಿಂದೆ ಕೂತು, ಮೆಲ್ಲಗೆ "ಪುಟ್ಟಿ" ಎಂದಳು. ಮಗಳು ತಟ್ಟನೆ ತಿರುಗಿದಳು. ಸದ್ದು ಎಲ್ಲಿಂದ ಬಂತೆಂದು ಅತ್ತೆಯ ತುಟಿಯ ಮೇಲೆ ಬೆರಳಿಟ್ಟು ನೋಡಿದಳು.

ಅತ್ತೆ ಆ ಬೆರಳು ಸರಿಸದೆ ಇನ್ನೊಮ್ಮೆ "ಪುಟ್ಟಿ" ಎಂದಳು.