ಎರಡು ಸರ್ಕಾರ, ಒಂದು ಬೆಂಚು

ರಾದ್ಧಾಂತವೆಲ್ಲ ಶುರುವಾದದ್ದು ಒಂದು ಬೆಂಚಿನ ಕಾಲಿನಿಂದ. ಸಂಜೆ ಕಾಲೇಜಿನ ಆ ಕೋಣೆಯಲ್ಲಿ ಗಟ್ಟಿ ಬೆಂಚುಗಳನ್ನೆಲ್ಲ ಬೇಗ ಬಂದ ಹುಡುಗ ಹುಡುಗಿಯರು ಹಿಡಿದುಬಿಟ್ಟಿದ್ದರು. ಡ್ಯೂಟಿ ಮುಗಿಸಿ ಏದುಸಿರು ಬಿಡುತ್ತ ಬಂದ ಬಸ್ ಕಂಡಕ್ಟರಿಗೆ ಉಳಿದದ್ದು ನಡುವಿನ ಕುಂಟು ಬೆಂಚು. ಎಡಕ್ಕೆ ಕೂತರೆ ಬಲಗಡೆ ಮೇಲೇಳುತ್ತಿತ್ತು, ಬಲಕ್ಕೆ ಸರಿದರೆ ಎಡಗಡೆ.

"ಬೆಳಗ್ಗೆಯಿಂದ ಬಸ್ಸಲ್ಲಿ ಅಲ್ಲಾಡಿದ್ದು ಸಾಲ್ದು ಅಂತ ಇಲ್ಲೂ ಅಲ್ಲಾಡ್ಬೇಕಾ?" ಎಂದು ಅವನು ಹಲ್ಲು ಕಡಿದ.

ಸಿಟ್ಟು ಬರದೆ ಇನ್ನೇನು? ನಿಂತು ನಿಂತು ಮೊಣಕಾಲು ಕೈಕೊಟ್ಟಿತ್ತು. ಡಿಪೋ ಆಫೀಸಿನಲ್ಲಿ ಕೂತು ಮಾಡುವ ಕೆಲಸವೊಂದು ಖಾಲಿ ಇತ್ತು, ಅದಕ್ಕೆ ಪದವಿ ಬೇಕಿತ್ತು. ಉಳಿದೆಲ್ಲ ವಿಷಯಗಳೂ ಪಾಸಾಗಿದ್ದವು. 'ಸರ್ಕಾರದ ಪರಿಚಯ: ರಾಷ್ಟ್ರ ಮತ್ತು ರಾಜ್ಯ' ಎಂಬ ಒಂದೇ ಒಂದು ಪೇಪರು ಮಾತ್ರ ಎರಡು ಸಲ ಅವನಿಗೆ ಮಣ್ಣು ಮುಕ್ಕಿಸಿತ್ತು. ಇವತ್ತಿನ ಪ್ರಾಯೋಗಿಕ ಪರೀಕ್ಷೆಯಲ್ಲೂ ಮುಗ್ಗರಿಸಿದರೆ ಆ ಕುರ್ಚಿ ಬೇರೆಯವರ ಪಾಲು. "ಪಾಸಾಗ್ದೆ ಬಂದ್ರೆ ಮೊಣಕಾಲಿಗೆ ಎಣ್ಣೆ ನೀವೇ ತಿಕ್ಕೊಳ್ಳಿ" ಎಂದು ಹೆಂಡತಿ ಬೇರೆ ಹೇಳಿ ಕಳಿಸಿದ್ದಳು.

ಮೇಡಂ ಬಂದವರೇ ಪರೀಕ್ಷೆ ವಿವರಿಸಿದರು. "ಮುಂದಿನ ಬೆಂಚಿನವರು ರಾಷ್ಟ್ರ ಸರ್ಕಾರ, ಹಿಂದಿನವರು ರಾಜ್ಯ ಸರ್ಕಾರ. ನೆಲ, ಬಾಗಿಲು, ಗಡಿಯಾರ ರಾಷ್ಟ್ರದ್ದು. ಬೆಂಚು, ಫ್ಯಾನು, ಬೋರ್ಡು ರಾಜ್ಯದ್ದು. ಬೆಲ್ಲು ಹೊಡೆಯೋದ್ರೊಳಗೆ ಒಳ್ಳೆ ಆಡಳಿತ ಮಾಡಿ ತೋರಿಸ್ಬೇಕು."

"ನಡುವೆ ಇರೋ ನಾನು?"

"ನೀವು ಪ್ರಜೆ. ನಿಮ್ಮ ಒಂದು ಕಷ್ಟಾನ ಸರ್ಕಾರದ ಕೈಲಿ ಪರಿಹಾರ ಮಾಡಿಸ್ಕೊಂಡ್ರೆ ಪೂರ್ತಿ ಮಾರ್ಕ್ಸು."

ಕಂಡಕ್ಟರಿಗೆ ಹೋದ ಜೀವ ಬಂದಂತಾಯಿತು. ಕಷ್ಟವನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇರಲಿಲ್ಲ, ಅದರ ಮೇಲೇ ಕೂತಿದ್ದನಲ್ಲ! ಸೀದಾ ಹಿಂದಿನ ಬೆಂಚಿಗೆ ಹೋದ. ಅಲ್ಲಿ ತಲೆಯ ಮೇಲೆ ಕಪ್ಪು ಕನ್ನಡಕ ಏರಿಸಿಕೊಂಡ ಹುಡುಗನೊಬ್ಬ ಆಗಲೇ ಮುಖ್ಯಮಂತ್ರಿಯಾಗಿದ್ದ.

"ಬೆಂಚೇನೋ ನಮ್ದೇ ಅಂಕಲ್. ಆದ್ರೆ ಅದು ಅಲ್ಲಾಡ್ತಿರೋದು ನೆಲ ಸಮ ಇಲ್ದೆ. ನೆಲ ರಾಷ್ಟ್ರದ್ದು, ಅವರನ್ನ ಕೇಳಿ. ಅಂದ ಹಾಗೆ, ತೆರಿಗೆ ಕಟ್ಟಿದ್ದೀರಾ?"

ತೆರಿಗೆಯೆಂದರೆ ಏನು ಎಂದು ಕೇಳುವಷ್ಟರಲ್ಲಿ ಕಂಡಕ್ಟರನ ಚೀಲದ ಬಿಸ್ಕತ್ತಿನ ಪೊಟ್ಟಣ ಅರ್ಧ ಖಾಲಿಯಾಗಿತ್ತು. ಮಧ್ಯಾಹ್ನ ಊಟಕ್ಕೂ ಬಿಡುವಿಲ್ಲದವನ ಬಿಸ್ಕತ್ತು ಅದು!

ಮುಂದಿನ ಬೆಂಚಿನ ಪ್ರಧಾನಿ, ಎರಡು ಜಡೆಯ ಹುಡುಗಿ, ಬಗ್ಗಿ ನೋಡಿದಳು. "ನೆಲ ಸರಿಯಾಗೇ ಇದೆ. ಕಾಲು ಮೋಟು. ಅದು ರಾಜ್ಯದ ತಪ್ಪು. ಆದ್ರೂ ನಿಮ್ಮ ಮೇಲಿನ ಕಳಕಳಿಯಿಂದ ಒಂದು ಸಮಿತಿ ಮಾಡ್ತೀವಿ ಅಂಕಲ್. ಸಮಿತಿಗೆ ಖರ್ಚಿರುತ್ತೆ."

ಉಳಿದ ಬಿಸ್ಕತ್ತೂ ಹೋಯಿತು. ಬಿಸ್ಕತ್ತು ತಿಂದ ಸಮಿತಿ ಬೆಂಚಿನ ಮೇಲೆ ಕೂತು, ಹಿಂದೆ ಮುಂದೆ ತೂಗಿ ನೋಡಿ, "ಅಲ್ಲಾಡುತ್ತದೆ" ಎಂದು ಒಮ್ಮತದಿಂದ ತೀರ್ಮಾನಿಸಿತು.

"ನಮ್ಮ ಬೆಂಚಿನ ಮೇಲೆ ನಮ್ಮನ್ನ ಕೇಳ್ದೆ ಹೇಗೆ ಕೂತ್ರಿ?" ಎಂದು ರಾಜ್ಯ ಎಗರಿಬಿತ್ತು. "ನಮ್ಮ ನೆಲದ ಮೇಲೆ ನಿಂತ್ಕೊಂಡು ನಮಗೇ ಕೂಗ್ತೀರಾ?" ಎಂದಿತು ರಾಷ್ಟ್ರ. ರಾಜ್ಯ ಫ್ಯಾನು ನಿಲ್ಲಿಸಿತು. ರಾಷ್ಟ್ರ ಬಾಗಿಲು ಮುಚ್ಚಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಕೂಸು ಬೆವರಲ್ಲಿ ತೊಯ್ದು ಹಸಿವಿನಿಂದ ಕುದಿಯುತ್ತಿತ್ತು. ಗಡಿಯಾರದ ಮುಳ್ಳು ನೋಡಿದರೆ ಬೆಲ್ಲು ಹತ್ತಿರದಲ್ಲೇ ಇತ್ತು.

"ನಿಮ್ಮ ಸರ್ಕಾರಕ್ಕಿಷ್ಟು ಬೆಂಕಿ ಹಾಕ!" ಕಂಡಕ್ಟರ ಕಿರುಚಿದ. ಬಾಗಿಲು ದೂಡಿ ಹೊರಗೆ ಹೋಗಿ, ಕಾಲೇಜಿನ ಜವಾನನ ಕೈಯಿಂದ ಸುತ್ತಿಗೆ, ಮೊಳೆ, ಮರದ ತುಂಡು ಕಿತ್ತುಕೊಂಡು ಬಂದ. ಬೆಂಚು ಬೋರಲು ಹಾಕಿ ಬಡಿಯತೊಡಗಿದ. ಒಂದೇಟು ರಾಷ್ಟ್ರಕ್ಕೆ, ಒಂದೇಟು ರಾಜ್ಯಕ್ಕೆ, ಉಳಿದವೆಲ್ಲ ಬಿಸ್ಕತ್ತಿಗೆ. ಎತ್ತಿ ನಿಲ್ಲಿಸಿ ಕೂತ. ಬೆಂಚು ಬಂಡೆಯ ಹಾಗೆ ನಿಂತಿತು. ಮೊಣಕಾಲು ಹಾಯೆನಿಸಿತು.

ಹಾಯೆನಿಸಿದ್ದು ಒಂದು ಗಳಿಗೆ ಮಾತ್ರ. "ಏಳಿ ಅಂಕಲ್, ಉದ್ಘಾಟನೆ ಇದೆ" ಎಂದು ಮುಖ್ಯಮಂತ್ರಿ ಅವನನ್ನು ಎಬ್ಬಿಸಿದ. ಪ್ರಧಾನಿ ತನ್ನ ಜಡೆಯ ರಿಬ್ಬನ್ನು ಬಿಚ್ಚಿ ಬೆಂಚಿಗೆ ಅಡ್ಡ ಕಟ್ಟಿದಳು. ಅದನ್ನು ಯಾರು ಕತ್ತರಿಸಬೇಕು ಎಂದು ಮತ್ತೆ ಜಗಳ ಹತ್ತಿತು.

"ನಾಚಿಕೆ ಆಗಲ್ವಾ?" ಮೇಡಂ ಗದರಿದರು. "ರಿಪೇರಿ ಮಾಡಿದ್ದು ಇವರು. ಎರಡೂ ಸರ್ಕಾರಕ್ಕೆ ಸೊನ್ನೆ!"

ಕಂಡಕ್ಟರ ಎದೆಯುಬ್ಬಿಸಿದ. "ಹಂಗಾದ್ರೆ ನನಗೆ ಪೂರ್ತಿ ಮಾರ್ಕ್ಸು ಅಲ್ವಾ ಮೇಡಂ?"

"ನಿಮಗೂ ಸೊನ್ನೆ. ಸರ್ಕಾರದ ಕೈಲಿ ಮಾಡಿಸಿ ಅಂದಿದ್ದೆ, ನೀವೇ ಮಾಡ್ಕೊಂಡ್ರಿ. ಬೆಲ್ಲಿಗೆ ಇನ್ನೂ ಸ್ವಲ್ಪ ಹೊತ್ತಿದೆ. ಬೇರೆ ಕಷ್ಟ ಏನಾದ್ರೂ ಇದ್ರೆ ಹೇಳಿ."

ಕಂಡಕ್ಟರನ ತಲೆಯೊಳಗೆ ಏನೋ ಪಟ್ಟನೆ ಹರಿಯಿತು. "ಕಷ್ಟ ಬೇಕಾ? ಈಗಲೇ ತಯಾರು ಮಾಡ್ತೀನಿ!" ಎಂದವನೇ ಬೆಂಚಿನ ಕಾಲಿಗೆ ಗುರಿಯಿಟ್ಟು ಸುತ್ತಿಗೆ ಎತ್ತಿದ.

"ಸಾರ್ವಜನಿಕ ಆಸ್ತಿ!" ಎಂದು ಎರಡೂ ಸರ್ಕಾರಗಳು ಒಂದೇ ಗಂಟಲಲ್ಲಿ ಕೂಗಿದವು. ರಾಜ್ಯ ಸುತ್ತಿಗೆ ಕಿತ್ತುಕೊಂಡಿತು, ರಾಷ್ಟ್ರ ರಟ್ಟೆ ಹಿಡಿಯಿತು. ಸಮಿತಿ ಅವನ ಎರಡೂ ಕಾಲು ಹಿಡಿದು ಎತ್ತಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಂಡಕ್ಟರ ಹೊರಗಿದ್ದ, ಬಾಗಿಲ ಚಿಲಕ ಒಳಗಿನಿಂದ ಬಿದ್ದಿತ್ತು.

ಬೆಲ್ಲು ಹೊಡೆಯಿತು.

"ಶಭಾಷ್! ಇದಪ್ಪ ಸಹಕಾರ ಅಂದ್ರೆ! ಎರಡೂ ಸರ್ಕಾರಕ್ಕೆ ಪೂರ್ತಿ ಮಾರ್ಕ್ಸು!" ಒಳಗಿನಿಂದ ಮೇಡಂ ದನಿ ಕೇಳಿಸಿತು.

"ಮೇಡಂ, ನನ್ ಕಷ್ಟ?" ಕಂಡಕ್ಟರ ಬಾಗಿಲು ಬಡಿದ.

"ಮುಂದಿನ ವರ್ಷ ಬನ್ನಿ."

ಅವನು ನೋಯುವ ಕಾಲಿನ ಮೇಲೆ ನಿಂತು ಕಿಟಕಿಯಲ್ಲಿ ಇಣುಕಿದ. ಅವನ ಬೆಂಚಿನ ಮೇಲೆ ಪ್ರಧಾನಿಯೂ ಮುಖ್ಯಮಂತ್ರಿಯೂ ಅಕ್ಕಪಕ್ಕ ಕೂತು ಒಬ್ಬರಿಗೊಬ್ಬರು ಕೈಕುಲುಕುತ್ತಿದ್ದರು. ಬೆಂಚು ಒಂದಿಷ್ಟೂ ಅಲ್ಲಾಡಲಿಲ್ಲ.