ಅವ್ವನ ಎದೆಗೆ ಬಂದ ಹೊಸಬ

ಮನೆಯ ಮಾತು ಹೊಸಿಲು ದಾಟಬಾರದು ಎಂದು ನಂಬಿದವಳು ನಾನು. ಹಾಸ್ಟೆಲಿನಲ್ಲಿ ಜ್ವರ ಬಂದರೂ ಪಕ್ಕದ ಮಂಚದವಳಿಗೆ ಹೇಳುತ್ತಿರಲಿಲ್ಲ. ಅಂಥವಳ ಅವ್ವನಿಗೆ ಹೃದಯದ ಕವಾಟ ಕೆಟ್ಟಿತು. ಬದಲಿಗೆ ಹಂದಿಯ ಕವಾಟ ಹಾಕಬೇಕು, ಇಲ್ಲವಾದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದರು ಮದರಾಸಿನ ಡಾಕ್ಟರು. "ಊರಲ್ಲಿ ಕೇಳಿದ್ರೆ ಪ್ಲಾಸ್ಟಿಕ್ ಅನ್ನು" ಎಂದು ಅವ್ವನಿಗೆ ಹೇಳಿಕೊಟ್ಟೆ.

ಮೊಟ್ಟೆ ಬೇಯಿಸಿದ ಮನೆಯಲ್ಲಿ ನೀರೂ ಮುಟ್ಟದವಳು ಅವ್ವ. ಅವಳ ಕೊರಳಿನ ಲಿಂಗ ತೂಗುವುದು ಸರಿಯಾಗಿ ಆ ಜಾಗದ ಮೇಲೆಯೇ. "ಮೇಲೆ ಶಿವ, ಒಳಗೆ ಹಂದಿ. ನಾನೊಲ್ಲೆ" ಎಂದು ಶ್ರೀರಾಂಪುರಕ್ಕೆ ವಾಪಸು ಬಂದುಬಿಟ್ಟಳು. ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಯನ್ನೆಲ್ಲ ಸುರಿದು ಹೃದಯದ ಚಿತ್ರ ಬರೆದು ವಿವರಿಸಿದೆ. ಅವ್ವ ಅದನ್ನು ತಿರುಗಿಸಿ ನೋಡಿ, "ಬದ್ನೆಕಾಯಿ ಚೆನ್ನಾಗೈತೆ, ಎಣ್ಣೆಗಾಯಿ ಮಾಡಬೋದು" ಎಂದಳು.

ಗುಟ್ಟನ್ನು ಪಕ್ಕದ ಮನೆಯ ಕರಿಯಪ್ಪಣ್ಣನಿಗೆ ಗೋಡೆಯ ಮೇಲಿಂದ ಹೇಳಿದವಳೂ ಅವ್ವನೇ. ಕರಿಯಪ್ಪಣ್ಣ ಕುರಿ ಸಾಕುವವನು. "ಹಂದಿದ್ಯಾಕ್ರಕ್ಕ? ನಮ್ ಟಗರಿಂದು ಹಾಕ್ಸ್ಕಳ್ರಿ. ಅದೂ ನಿಮ್ಮಂಗೇ, ಸೊಪ್ಪು ಬಿಟ್ರೆ ಏನೂ ತಿನ್ನಲ್ಲ." ಟಗರಿನದು ಆಗುವುದಿಲ್ಲವೆಂದು ನಾನು ಹೇಳಿದ್ದಕ್ಕೆ ಅವನ ಮುಖ ಸಣ್ಣದಾಯಿತು. ಸಂಜೆಯೊಳಗೆ ನಮ್ಮ ಜಗಲಿ ತುಂಬಿತು. ನಿದ್ದೆಯಲ್ಲಿ ಗುರುಗುಟ್ಟುವುದು ಖಂಡಿತ ಎಂದರು ಒಬ್ಬರು. ಇವರು ಕೊಟ್ಟ ನೀರು ಕುಡಿಯಬಹುದೇ ಎಂದು ಇನ್ನೊಬ್ಬರಿಗೆ ಚಿಂತೆ. ನಾನು ಅಡಿಗೆಮನೆಯಲ್ಲಿ ಅವಿತು ಕೂತಿದ್ದೆ.

ಆಗ ಕರಿಯಪ್ಪಣ್ಣನ ದನಿ ಕೇಳಿಸಿತು: "ಅಲ್ರಕ್ಕ, ನಿಮ್ಮನ್ಯಾಗೆ ಕೂಸು ಹುಟ್ಟಿದ್ರೆ ಲಿಂಗ ಕಟ್ತೀರಿ, ಸೊಸೆ ಬಂದ್ರೆ ದೀಕ್ಷೆ ಕೊಡಿಸ್ತೀರಿ. ಇದೂ ಹೊಸದಾಗಿ ಬರೋದೇ. ಇದಕ್ಕೂ ಕೊಡಿಸ್ರಿ, ಮುಗೀತು!"

ಜಗಲಿಯೆಲ್ಲ ನಕ್ಕಿತು. ಅವ್ವ ನಗಲಿಲ್ಲ. "ಹೌದಲ್ಲಪ್ಪ" ಎಂದಳು. ಮರುದಿನವೇ ಪೆಟ್ಟಿಗೆ ಕಟ್ಟಿದಳು.

ಅವ್ವ ಆಪರೇಷನ್ ಮುಗಿಸಿ ಬಂದ ಮೇಲೆ ನಮ್ಮ ಮಠದ ಅಯ್ಯನವರು ಮನೆಗೆ ಬಂದು, ಅವಳಿಗೆ ವಿಭೂತಿ ಹಚ್ಚಿ, ಕಿವಿಯಲ್ಲಿ ಒಂದು ಸಲ ಮಂತ್ರ ಹೇಳಿದರು. ಆಮೇಲೆ ಒಳಗಿರುವವನಿಗೂ ಕೇಳಲಿ ಎಂದು ಇನ್ನೊಂದು ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದರು. ಈಗ ಅವ್ವ ಕೆರೆಯ ತನಕ ನಡೆದು ಬರುತ್ತಾಳೆ. ನಡುವೆ ಉಸಿರಿಗೆ ನಿಲ್ಲದೆ, ಒಂದೇ ಸಮನೆ ನನ್ನನ್ನು ಬಯ್ಯುತ್ತಾಳೆ. ಕೇಳುತ್ತ ಕೂರುವುದೇ ನನಗೊಂದು ಹಬ್ಬ.

ನಿನ್ನೆ ಬೀದಿಯ ಹಂದಿಯೊಂದು ನುಗ್ಗಿ ನನ್ನ ಕನಕಾಂಬರದ ಪಾತಿ ಅಗೆಯುತ್ತಿತ್ತು. ಕೋಲೆತ್ತಿದೆ. ಕೈ ತಾನಾಗಿ ಇಳಿಯಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ, "ಸ್ವಲ್ಪ ಆ ಕಡೆ ಹೋಗ್ರಿ" ಎಂದೆ.

ಗೋಡೆಯಾಚೆ ಕರಿಯಪ್ಪಣ್ಣ ಕೆಮ್ಮಿದ. ಸಂಜೆಯೊಳಗೆ ಜಗಲಿ ತುಂಬಿತು.